ಸವಳು ಗದ್ದಿಗೆ ಭತ್ತದ ಬೀಜ ಹಾರ್ಮೋನ್ ನೀರಾಗ ನೆನಸಿದ್ರ ಸಸಿ ಉಳೀತಾವೇನ್ರಿ?

ಎಡದಂಡೆ_ರೈತ:
ನಮಸ್ಕಾರ್ರಿ ಎಲ್ಲಾರಿಗೂ. ನಮ್ದು ಸಿಂಧನೂರು ತಾಲೂಕು, ತುಂಗಭದ್ರಾ ಎಡದಂಡೆ ಕಾಲುವಿ ನೀರು. 2 ಎಕರೆ ತಗ್ಗಿನ ಹೊಲ, ಮ್ಯಾಲಿನ ಗದ್ದಿ ನೀರು ಬಸದು ಬಸದು ಪೂರ್ತಿ ಸವಳು ಹಿಡದೈತಿ, ಬ್ಯಾಸಗ್ಯಾಗ ನೆಲದ ಮ್ಯಾಲೆ ಉಪ್ಪು ಬೆಳ್ಳಗ ಕಾಣ್ತದ. ಹೋದ ವರ್ಷ ಸಸಿಮಡಿನೂ ಅಲ್ಲೇ ಹಾಕಿದ್ವಿ, ಅರ್ಧ ಮೊಳಕೀನೇ ಬರ್ಲಿಲ್ಲ, ಬಂದವು 10-12 ದಿನಕ್ಕ ಎಲಿ ತುದಿ ಬೆಳ್ಳಗಾಗಿ ಸುತ್ತಿಕೊಂಡು ಸತ್ವು. ಅಂಗಡ್ಯಾಗ ಜಿಬ್ಬರೆಲಿಕ್ ಆಸಿಡ್ ಬಾಟ್ಲಿ ಕೊಟ್ಟು ಹೊಡೀರಿ ಎದ್ದು ಬರ್ತದ ಅಂದ್ರು, ಹೊಡದ್ವಿ, ಉಳದ ಸಸಿ ಉದ್ದಕ ತೆಳ್ಳಗ ಬೆಳದು ಬಿದ್ದು ಹೋದ್ವು. ಈಗ ಇನ್ನೊಬ್ರು ಸ್ಯಾಲಿಸಿಲಿಕ್ ಆಸಿಡ್ ನೀರಾಗ ಬೀಜ ನೆನಸು ಅಂತಾರ. ಇದರಾಗ ಖರೇನ ಏನರ ಐತೇನ್ರಿ? ಇನ್ನೊಂದ್ ವರ್ಷ ಸಸಿ ಹೋದ್ರ ತಡಕೊಳ್ಳೂ ಶಕ್ತಿ ಇಲ್ರಿ.

ಬೇರು_ಚಿಗುರು:
ಅಣ್ಣ, ನಾನು ಸಸ್ಯ ಶರೀರಕ್ರಿಯೆ ಓದ್ತಿರೋಳು. ನಿಮ್ಮ ಗದ್ದೇಲಿ ಆಗಿರೋದು ಎರಡು ಬೇರೆ ಬೇರೆ ತೊಂದರೆ. ಮೊದಲ್ನೇದು ಮೊಳಕೆ. ಉಪ್ಪು ನೀರನ್ನ ಹಿಡ್ಕೊಳುತ್ತೆ, ಬೀಜಕ್ಕೆ ಎಳ್ಕೊಳ್ಳೋಕೆ ಆಗಲ್ಲ, ಆಗ ಬೀಜದೊಳಗೆ ಬೆಳವಣಿಗೆ ತಡೆಯೋ ಹಾರ್ಮೋನ್ ಆಬ್ಸಿಸಿಕ್ ಆಸಿಡ್ ಏರಿ, ಬೆಳೆಸೋ ಹಾರ್ಮೋನ್ ಜಿಬ್ಬರೆಲಿನ್ (ನಿಮ್ಮ ಬಾಟ್ಲೀಲಿ ಇದ್ದಿದ್ದೂ ಅದೇ) ಇಳಿಯುತ್ತೆ. ಹಿಟ್ಟನ್ನ ಸಕ್ಕರೆ ಮಾಡೋ ಅಮೈಲೇಸ್‌ಗೆ ಜಿಬ್ಬರೆಲಿನ್ ಅಪ್ಪಣೆ ಬೇಕು, ಅದು ಬರ್ದೇ ಇದ್ರೆ ಬೀಜ ಹಾಗೇ ಮಲಗಿರುತ್ತೆ.

ಮೊಳಕೆ ಬಂದ್ಮೇಲೆ ಕಥೆ ಉಲ್ಟಾ. ಅದೇ ಆಬ್ಸಿಸಿಕ್ ಆಸಿಡ್ ಈಗ ಸಸಿಯನ್ನ ಕಾಯುತ್ತೆ, ಎಲೆಯ ಪತ್ರರಂಧ್ರ ಮುಚ್ಚಿಸುತ್ತೆ, ನೀರು ಆವಿಯಾಗೋದು ಕಮ್ಮಿ ಆದಷ್ಟೂ ಬೇರಿಂದ ಮೇಲೆ ಏರೋ ಸೋಡಿಯಂ ಕೂಡ ಕಮ್ಮಿ. ಸಸಿ ಬೇಕಂತಲೇ ಬೆಳವಣಿಗೆ ತಡೆದು ಕೂತಿರುತ್ತೆ, ನಮಗೆ ಅದು ಸೊರಗಿದ ಹಾಗೆ ಕಾಣುತ್ತೆ. ಜಿಬ್ಬರೆಲಿನ್ ಹೊಡೆದ್ರೆ ಆ ಬ್ರೇಕ್ ಬಿಟ್ಟ ಹಾಗೆ. ಅರಬಿಡಾಪ್ಸಿಸ್ ಅನ್ನೋ ಪುಟ್ಟ ಗಿಡದಲ್ಲಿ ಈ ಬ್ರೇಕ್ ಪ್ರೋಟೀನ್‌ಗಳನ್ನೇ ತೆಗೆದು ನೋಡಿದಾರೆ, 2006ರಲ್ಲಿ ಬಂದ ಕೆಲಸ, ಉಪ್ಪಲ್ಲಿ ಅಂಥ ಗಿಡಗಳೇ ಜಾಸ್ತಿ ಸತ್ತಿದ್ದು. ಜಿಬ್ಬರೆಲಿನ್ ಗೊತ್ತಾಗಿದ್ದೇ ಜಪಾನಿನಲ್ಲಿ ಭತ್ತದ ಸಸಿ ಉದ್ದುದ್ದ ಬೆಳೆದು ಬೀಳೋ ಬಕಾನೆ ರೋಗದಿಂದ, ನಿಮ್ಮ ಮಡೀಲಿ ಆಗಿದ್ದೂ ಅದೇ ಥರ. ವಿಜಯಪುರದ ದ್ರಾಕ್ಷಿಯವರಿಗೆ ಅದು ಒಳ್ಳೇದು, ಉಪ್ಪಲ್ಲಿ ನಿಂತಿರೋ ಸಸಿಗೆ ಅಲ್ಲ.

ಸ್ಯಾಲಿಸಿಲಿಕ್ ಆಸಿಡ್ ಕೂಡ ಗಿಡದ ಹಾರ್ಮೋನೇ, ಅದರಲ್ಲಿ ಸತ್ಯ ಇದೆ, ಪೊಟ್ಯಾಷಿಯಂ ಉಳಿಸ್ಕೊಳ್ಳೋಕೆ, ಎಲೆ ಒಳಗಿನ ಆಕ್ಸಿಡೇಷನ್ ಹಾನಿ ತಡೆಯೋಕೆ ಸಹಾಯ ಮಾಡುತ್ತೆ. ಆದ್ರೆ ಮಣ್ಣಿಂದ ಒಂದು ಕಾಳು ಉಪ್ಪೂ ತೆಗೆಯಲ್ಲ. ಮಣ್ಣು ಪರೀಕ್ಷೆ ಮಾಡ್ಸಿದೀರಾ? ಇಸಿ, ಅಂದ್ರೆ ಕರಗಿದ ಉಪ್ಪಿನ ಅಳತೆ, 4 ದಾಟಿದ್ರೆ ಸವಳು, ಪಿಎಚ್ 8.5 ದಾಟಿ ವಿನಿಮಯ ಸೋಡಿಯಂ (ಮಣ್ಣಿನ ಕಣಕ್ಕೆ ಅಂಟಿರೋದು) 15 ಪರ್ಸೆಂಟ್ ಮೇಲಿದ್ರೆ ಕ್ಷಾರ, ಎರಡಕ್ಕೂ ಮದ್ದು ಬೇರೆ. ಸವಳಿಗೆ ಉಪ್ಪು ತೊಳೆದು ಬಸಿಗಾಲುವೇಲಿ ಹೊರಗೆ ಹಾಕ್ಬೇಕು, ಜಿಪ್ಸಂ ಬೇಕಾಗೋದು ಕ್ಷಾರಕ್ಕೆ.

ಗಜನಿ_ಗದ್ದೆ:
ನಮ್ಮ ಕುಮಟಾ ಬದಿ ಅಘನಾಶಿನಿ ಗಜನಿಯಲ್ಲಿ ಸಮುದ್ರದ ನೀರೇ ಒಳಗೆ ಬರ್ತದೆ, ಅಲ್ಲಿ ಕಗ್ಗ ಭತ್ತ ಬೆಳೀತಿದ್ರು, ಉಪ್ಪು ತಡೀತದೆ. ಕೇರಳದಲ್ಲಿ ಪೊಕ್ಕಾಳಿ ಅನ್ನೋ ಉಪ್ಪು ತಡೆಯೋ ಭತ್ತ ಬೆಳೆಯೋರು ಗದ್ದೆಯಲ್ಲಿ ಮಣ್ಣಿನ ದಿಬ್ಬ ಮಾಡಿ, ಮಳೆಗೆ ದಿಬ್ಬದ ಉಪ್ಪು ತೊಳ್ದು ಹೋದ ಮೇಲೆ ಅದರ ಮೇಲೆ ಮೊಳಕೆ ಬೀಜ ಹಾಕ್ತಾರೆ. ಸಸಿಯ ಪ್ರಾಯದಲ್ಲಿ ಉಪ್ಪು ತಾಗಬಾರದು ಅಂತ ಅವ್ರಿಗೆ ಹಾರ್ಮೋನ್ ಹೆಸರು ಗೊತ್ತಿಲ್ದೆ ಹೋದ್ರೂ ಗೊತ್ತಿತ್ತು. ನೀವು ಮಡಿಯನ್ನ ಸವಳಲ್ಲೇ ಹಾಕಿದ್ದೇ ದೊಡ್ಡ ತಪ್ಪು ಅಂತ ನನಗೆ ಕಾಣ್ತದೆ, ಬೇಜಾರು ಮಾಡ್ಬೇಡಿ.

ಬೇರು_ಚಿಗುರು:
ಗಜನಿಯವ್ರು ಹೇಳಿದ್ದು ನೂರಕ್ಕೆ ನೂರು ಸರಿ. ಆ ಪೊಕ್ಕಾಳಿಯಿಂದಲೇ ಉಪ್ಪು ತಡೆಯೋ ಸಾಲ್ಟಾಲ್ ಅನ್ನೋ ಜೀನ್‌ಗಳಿರೋ ಭಾಗ ತಗೊಂಡು ಬೇರೆ ತಳಿಗಳಿಗೆ ಸೇರಿಸಿದಾರೆ. ಅಲ್ಲಿರೋ ಒಂದು ಜೀನ್ ಎಲೆಗೆ ಹೋಗೋ ರಸದಿಂದ ಸೋಡಿಯಂನ ದಾರೀಲೇ ವಾಪಸ್ ಎಳ್ಕೊಳುತ್ತೆ. ತಳಿ ಸರಿ ಇದ್ರೆ ಅರ್ಧ ಕೆಲಸ ಆದ ಹಾಗೆ.

ಎಡದಂಡೆ_ರೈತ:
ಬೇಜಾರ್ ಯಾಕ್ರಿ, ಖರೇನ ಅಲ್ಲ. ಸ್ಯಾಲಿಸಿಲಿಕ್ ಆಸಿಡ್ ಎಷ್ಟು ಹಾಕ್ಬೇಕು ಅದನ್ನ ಹೇಳ್ರಿ ಅಕ್ಕ.

ಬೇರು_ಚಿಗುರು:
ಲೀಟರ್‌ಗೆ 70ರಿಂದ 140 ಮಿಲಿಗ್ರಾಂ, ಅಂದ್ರೆ 50 ಲೀಟರ್ ನೀರಿಗೆ ಮೂರೂವರೆಯಿಂದ 7 ಗ್ರಾಂ ಅಷ್ಟೇ. ತಣ್ಣೀರಲ್ಲಿ ಬೇಗ ಕರಗಲ್ಲ, ಬಿಸಿನೀರಲ್ಲಿ ಕರಗಿಸಿ ತಣ್ಣಗಾದ್ಮೇಲೆ ಬೆರೆಸಿ, ಕೈಗೆ ಗ್ಲೌಸ್ ಇರ್ಲಿ. 12 ತಾಸು ನೆನೆಸಿ ನೆರಳಲ್ಲಿ ಆರಿಸಿ. ಜಾಸ್ತಿ ಹಾಕಿದ್ರೆ ಮೊಳಕೆಗೇ ಏಟು. ಇನ್ನೊಂದು ಮುಖ್ಯ, ಬರೀ ನೀರಲ್ಲಿ ನೆನೆಸಿದ್ರೂ ಸ್ವಲ್ಪ ಉಪಯೋಗ ಆಗುತ್ತೆ, ಅದಕ್ಕೆ ಎರಡೂ ಹಾಕಿ ಹೋಲಿಸಿ ನೋಡ್ಲೇಬೇಕು. ಮಡಿ ಒಳ್ಳೆ ಮಣ್ಣಲ್ಲಿ ಹಾಕಿ, 30-35 ದಿನದ ಬಲಿತ ಸಸಿ, ಗುಣಿಗೆ 3-4 ನಾಟಿ ಮಾಡಿ. ಬಸಿಗಾಲುವೆ ಇಲ್ದೆ ಇದ್ರೆ ಉಪ್ಪು ಮತ್ತೆ ಮೇಲೆ ಬರುತ್ತೆ.

ಎಡದಂಡೆ_ರೈತ:
ರಿಪೋರ್ಟ್ ಬಂತ್ರಿ. ಇಸಿ 6.2, ಪಿಎಚ್ 8.0, ಸೋಡಿಯಂ 9 ಪರ್ಸೆಂಟ್. ಜಿಪ್ಸಂ ಲೋಡ್ ಹೇಳಿ ಇಟ್ಟಿದ್ದೆ, ಬ್ಯಾಡ ಅಂತ ಫೋನ್ ಮಾಡಿದೆ, ಆ ರೊಕ್ಕದಾಗ ಬಸಿಗಾಲುವಿ ತೋಡಸ್ತೀನಿ. ಮಡಿ ಕಾಕಾನ ಮ್ಯಾಲಿನ ಹೊಲದಾಗ. ಸವಳಿನ ಮೂಲ್ಯಾಗ ಎರಡ ಸಣ್ಣ ಪಟ್ಟಿ ಮಾಡೀನಿ, ಒಂದು ಬರೇ ನೀರಾಗ ನೆನಸಿದ ಬೀಜ, ಒಂದು ಆಸಿಡ್ ನೀರಿಂದು. 15 ದಿನ ಆದ ಮ್ಯಾಲೆ ಎರಡರ ಫೋಟೋನೂ ಇಲ್ಲೇ ಹಾಕ್ತೀನ್ರಿ.