ಟಚ್‌ಡೌನ್ ಅಂತ ಕೈ ಎತ್ತಿದರು, ಹಳದಿ ಬಾವುಟವೂ ಬಿದ್ದಿದೆ. ಪಾಯಿಂಟ್ ಸಿಕ್ಕಿತೋ ಇಲ್ಲವೋ?

ಕ್ಲಾರಿನೆಟ್ ಅಮ್ಮ (ಡಲ್ಲಾಸ್ ಹತ್ತಿರ):
ಮಗಳು ಹೈಸ್ಕೂಲ್ ಮಾರ್ಚಿಂಗ್ ಬ್ಯಾಂಡ್‌ನಲ್ಲಿದ್ದಾಳೆ. ಹಾಗಾಗಿ ಶುಕ್ರವಾರ ರಾತ್ರಿ ನಾವೆಲ್ಲ ಸ್ಟೇಡಿಯಂನಲ್ಲೇ. ಕ್ರಿಕೆಟ್‌ನಲ್ಲಿ ಎಲ್‌ಬಿಡಬ್ಲ್ಯೂ ಬಗ್ಗೆಯೂ ಜಗಳ ಆಡಬಲ್ಲೆ, ಆದರೆ ಅಮೆರಿಕನ್ ಫುಟ್‌ಬಾಲ್ ಇನ್ನೂ ಪೂರ್ತಿ ತಲೆಗೆ ಹತ್ತಿಲ್ಲ.

ಕಳೆದ ವಾರ ನಮ್ಮ ಹುಡುಗನೊಬ್ಬ ಎಂಡ್ ಜೋನ್ (ಗೋಲ್ ಲೈನ್ ಆಚೆಗಿನ ಜಾಗ) ಮೂಲೆಯಲ್ಲಿ ಪಾಸ್ ಹಿಡಿದ. ಅಲ್ಲೇ ನಿಂತಿದ್ದ ಅಂಪೈರ್ ಟಚ್‌ಡೌನ್, ಅಂದರೆ ಪಾಯಿಂಟ್ ಬಂತು ಅಂತ ಎರಡೂ ಕೈ ಮೇಲೆತ್ತಿದರು. ನಾವು ಕುಣಿದಿದ್ದೇ ಕುಣಿದಿದ್ದು. ನೋಡಿದರೆ ಹುಲ್ಲಿನ ಮೇಲೆ ಹಳದಿ ಬಾವುಟ, ಯಾರದೋ ತಪ್ಪಾಗಿದೆ ಅಂತ! ಬ್ಯಾಂಡ್ ಡೈರೆಕ್ಟರ್ ಮಕ್ಕಳಿಗೆ ತಡೆಯಿರಿ ಅಂತ ಕೈ ತೋರಿಸಿದರು, ತಂಡದ ಹುರುಪಿನ ಹಾಡು, ಫೈಟ್ ಸಾಂಗ್, ಶುರುವಾಗಲಿಲ್ಲ. ಆಮೇಲೆ ಬಿಳಿ ಟೋಪಿಯವರು ಬಂದರು. ತಮ್ಮ ಮಣಿಕಟ್ಟು ಹಿಡಿದು ತೋರಿಸಿದರು, ಒಂದು ಕಡೆ ಕೈ ಚಾಚಿದರು, ಎರಡೂ ಕೈ ಅಡ್ಡಡ್ಡ ಬೀಸಿದರು. ಪಾಸ್ ಕೆಳಗೆ ಬಿದ್ದಾಗ ಬೀಸುತ್ತಾರಲ್ಲ, ಥೇಟ್ ಅದೇ. ಹೋಯ್ತು ಅಂತ ಕೂತುಬಿಟ್ಟೆ. ತಕ್ಷಣ ಅವರೇ ಎರಡೂ ಕೈ ಮೇಲೆತ್ತಿದರು! ಸ್ಪೀಕರ್‌ನಲ್ಲಿ ಏನೂ ಕೇಳಿಸಲಿಲ್ಲ. ಅವರು ಹೇಳಿದ್ದಾದರೂ ಏನು? ಬಾವುಟ ಬಿದ್ದಿದ್ದರೂ ಮೂಲೆಯವರು ಕೈ ಎತ್ತಿದ್ದು ಯಾಕೆ?

ಪಟ್ಟೆ ಶರ್ಟು:
ಮೇಡಂ, ನಾನು ಇಲ್ಲೇ ಟೆಕ್ಸಾಸ್‌ನಲ್ಲಿ ಗುರುವಾರ ಸಂಜೆ ಚಿಕ್ಕ ಹುಡುಗರ ಪಂದ್ಯಗಳಿಗೆ ಲೈನ್ ಜಡ್ಜ್ (ಪಕ್ಕದ ಗೆರೆ ಕಾಯುವ ತೀರ್ಪುಗಾರ) ಆಗಿ ಹೋಗುತ್ತೇನೆ. ಆಫೀಸಿನಲ್ಲಿ ದಿನವಿಡೀ ಕಂಪ್ಯೂಟರ್, ಸಂಜೆ ಬೈಗುಳ. ನನಗೆ ಎರಡನೆಯದೇ ಇಷ್ಟ.

ಮೊದಲು ಮೂಲೆಯವರ ವಿಷಯ. ಆ ಹೊತ್ತಲ್ಲಿ ಅವರ ಮುಖ್ಯ ಕೆಲಸ: ಚೆಂಡು ಗೋಲ್ ಲೈನ್ ದಾಟಿತೇ, ಹಿಡಿದದ್ದು ಸರಿಯಿತ್ತೇ? ಸರಿಯಿದ್ದರೆ ಕೈ ಎತ್ತುತ್ತಾರೆ. ಬಾವುಟ ಹಾಕಿದವರು ಇನ್ಯಾರೋ, ಮೈದಾನದ ಇನ್ನೊಂದು ತುದಿಯಲ್ಲಿ. ಅದು ಯಾವ ತಪ್ಪು, ಯಾರದ್ದು ಅಂತ ಮೂಲೆಯವರಿಗೆ ಆಗ ಗೊತ್ತಿರುವುದಿಲ್ಲ. ಹಾಗಾಗಿ ಆ ಕೈ ಚೆಂಡಿನ ಬಗ್ಗೆ ಮಾತ್ರ ಹೇಳುತ್ತದೆ. ಪಾಯಿಂಟ್ ಬರೆದುಕೊಳ್ಳಬಹುದೇ ಅಂತ ಹೇಳುವುದು ಬಿಳಿ ಟೋಪಿಯ ರೆಫರಿ. ಬಾವುಟ ಬಿದ್ದಿದ್ದರೆ ಅವರ ಕೈ ಮೇಲೇಳುವವರೆಗೂ ಕಾಯಬೇಕು. ನಿಮ್ಮ ಬ್ಯಾಂಡ್ ಡೈರೆಕ್ಟರ್‌ಗೆ ಇದು ಚೆನ್ನಾಗಿ ಗೊತ್ತು.

ಇನ್ನು ನೀವು ನೋಡಿದ್ದನ್ನು ಒಂದೊಂದಾಗಿ ಬಿಡಿಸಿ ಹೇಳುತ್ತೇನೆ. ಮಣಿಕಟ್ಟು ಹಿಡಿದದ್ದು ಹೋಲ್ಡಿಂಗ್, ಅಂದರೆ ಎದುರಿನವನನ್ನು ಹಿಡಿದು ತಡೆಯುವ ತಪ್ಪು. ಕೈ ಚಾಚಿದ್ದು ತಪ್ಪು ಯಾರದ್ದು ಅಂತ, ಇಲ್ಲಿ ಎದುರಾಳಿಗಳದ್ದು. ಅಡ್ಡ ಬೀಸಿದ್ದು, ಟಚ್‌ಡೌನ್ ಆದದ್ದರಿಂದ ಆ ಪೆನಾಲ್ಟಿ ಬೇಡ ಅಂತ. ಕೊನೆಗೆ ಎತ್ತಿದ್ದು ಟಚ್‌ಡೌನ್. ಎಡವಟ್ಟಾಗುವುದು ಮೂರನೆಯದರಲ್ಲಿ. ಪಾಸ್ ಬಿದ್ದರೂ ಅದೇ ಬೀಸು, ಕಂಬಗಳ ನಡುವೆ ಒದೆಯುವ ಫೀಲ್ಡ್ ಗೋಲ್ ತಪ್ಪಿದರೂ ಅದೇ, ಪೆನಾಲ್ಟಿ ಬೇಡವೆಂದರೂ ಅದೇ. ನಿಯಮ ಪುಸ್ತಕದಲ್ಲೇ ಹಾಗಿದೆ. ಒಂದು ಬೇರೆ ಸನ್ನೆ ಕೊಟ್ಟಿದ್ದರೆ ಇವರ ಗಂಟೇನು ಹೋಗುತ್ತಿತ್ತೋ! ಸದ್ಯಕ್ಕೆ ಉಪಾಯ ಏನೆಂದರೆ, ಬೀಸುವುದಕ್ಕೆ ಮುಂಚೆ ಯಾವುದಾದರೂ ತಪ್ಪಿನ ಸನ್ನೆ ಬಂತೇ ನೋಡಿ. ಬಂದಿದ್ದರೆ ಹೋಗಿದ್ದು ಪೆನಾಲ್ಟಿ, ಪಾಯಿಂಟ್ ಅಲ್ಲ.

ಹೋಲ್ಡಿಂಗ್ ನಿಮ್ಮವರದೇ ಆಗಿದ್ದರೆ ಟಚ್‌ಡೌನ್ ಕಥೆ ಮುಗೀತು. 10 ಗಜ ಹಿಂದಕ್ಕೆ. ಅದಕ್ಕೆ ಸಾಮಾನ್ಯವಾಗಿ ಬೇರೆ ಸನ್ನೆ ಏನೂ ಬರುವುದಿಲ್ಲ, ರೆಫರಿಯ ಕೈ ಮೇಲೇಳುವುದಿಲ್ಲ ಅಷ್ಟೆ.

ಚೀಫ್ಸ್ ಹುಚ್ಚ:
ಗಾಯಕ್ಕೆ ಉಪ್ಪು ಸವರಿದಿರಿ ಸರ್. 2023ರ ಡಿಸೆಂಬರ್ 10, ನಮ್ಮ ಕಾನ್ಸಾಸ್ ಸಿಟಿಯಲ್ಲಿ ಚೀಫ್ಸ್ ತಂಡಕ್ಕೆ ಬಿಲ್ಸ್ ತಂಡದ ಜೊತೆ ವೃತ್ತಿಪರ ಪಂದ್ಯ. ಕೊನೇ ನಿಮಿಷಗಳು. ನಮ್ಮ ತಂಡದ ಮಹೋಮ್ಸ್ ಎಸೆದ ಪಾಸನ್ನು ಕೆಲ್ಸಿ ಹಿಡಿದು, ಓಡುತ್ತಲೇ ಚೆಂಡನ್ನು ಕಡೇರಿಯಸ್ ಟೋನಿ ಕಡೆಗೆ ಎಸೆದ. ಟೋನಿ ಸೀದಾ ಎಂಡ್ ಜೋನ್‌ಗೆ. ನಾನು ಸೋಫಾ ಮೇಲೆ ಹತ್ತಿ ನಿಂತಿದ್ದೆ. ಆದರೆ ಆ ಪಾಸ್‌ನ ಆಟ ಶುರುವಾಗುವಾಗ ಅದೇ ಟೋನಿ ಚೆಂಡಿಟ್ಟ ಗೆರೆಗಿಂತ ಮುಂದೆ ನಿಂತಿದ್ದ. ಆಫ್‌ಸೈಡ್. 20-17ರಲ್ಲಿ ಸೋತೆವು.

ಪಟ್ಟೆ ಶರ್ಟು:
ಬೇಜಾರು ಮಾಡ್ಕೋಬೇಡಿ, ಅದು ಸರಿಯಾದ ತೀರ್ಪು. ಚೆಂಡು ಎಷ್ಟು ಚಂದವಾಗಿ ದಾಟಿದರೂ ಶುರುವಿನ ತಪ್ಪು ಅಳಿಸುವುದಿಲ್ಲ. ನೋಬಾಲ್‌ನಲ್ಲಿ ಹಿಡಿದ ಕ್ಯಾಚ್ ಇದ್ದ ಹಾಗೆ.

ಕ್ಲಾರಿನೆಟ್ ಅಮ್ಮ:
ಅಯ್ಯೋ, ಈಗ ಅರ್ಥವಾಯಿತು! ಇನ್ನೊಂದು. ಹುಡುಗರು ಟಚ್‌ಡೌನ್ ಹೊತ್ತಲ್ಲಿ ಎದುರಾಳಿಗಳನ್ನು ರೇಗಿಸಿದರೆ? ನಮ್ಮಲ್ಲೊಬ್ಬ ಇದ್ದಾನೆ, ಹೆಸರು ಹೇಳುವುದಿಲ್ಲ.

ಪಟ್ಟೆ ಶರ್ಟು:
ಎಲ್ಲಿ ರೇಗಿಸಿದ ಅನ್ನುವುದೇ ಮುಖ್ಯ. ಗೋಲ್ ಲೈನ್ ದಾಟಿದ ಮೇಲಾದರೆ ಟಚ್‌ಡೌನ್ ಉಳಿಯುತ್ತದೆ, 15 ಗಜದ ದಂಡ ಅದೇ ಪಂದ್ಯದ ಮುಂದಿನ ಆಟಕ್ಕೆ ಹೋಗುತ್ತದೆ. ದಾಟುವ ಮುಂಚೆಯೇ ಆದರೆ ಟಚ್‌ಡೌನೇ ರದ್ದು, ತಪ್ಪು ನಡೆದ ಜಾಗದಿಂದ 15 ಗಜ ಹಿಂದಕ್ಕೆ. ಕಾಲೇಜ್ ಫುಟ್‌ಬಾಲ್‌ನಲ್ಲಿ 2011ರಿಂದ ಹೀಗಿದೆ. ಆ ವರ್ಷವೇ ಲೂಸಿಯಾನಾ ಸ್ಟೇಟ್ ಯೂನಿವರ್ಸಿಟಿ (ಎಲ್‌ಎಸ್‌ಯು) ತಂಡದ ಬ್ರ್ಯಾಡ್ ವಿಂಗ್ ಫ್ಲಾರಿಡಾ ತಂಡದ ಮೇಲೆ ಪಂಟ್ ಮಾಡುವ (ಚೆಂಡನ್ನು ದೂರಕ್ಕೆ ಒದೆಯುವ) ಹಾಗೆ ನಟಿಸಿ 52 ಗಜ ಓಡಿದ. ಗೆರೆ ಹತ್ತಿರ ಬಂದಾಗ ಖುಷಿ ತಡೆಯಲಾರದೆ ಎರಡೂ ಕೈ ಅಗಲಿಸಿದ. ಬಾವುಟ ಬಿತ್ತು, ಟಚ್‌ಡೌನ್ ಹೋಯಿತು. ನನ್ನ ಕೇಳಿದರೆ ಅದು ಅತಿಯಾಯಿತು. ಆದರೆ ನಿಯಮ ನಿಯಮವೇ.

ಟೆಕ್ಸಾಸ್ ಹೈಸ್ಕೂಲುಗಳು ಆಡುವುದು ಕಾಲೇಜಿನ ನಿಯಮದ ಮೇಲೆ. ಬೇರೆ ರಾಜ್ಯಗಳದ್ದು ಹೈಸ್ಕೂಲಿಗೆ ಅಂತಲೇ ಇರುವ ಬೇರೆ ಪುಸ್ತಕ. ಪಕ್ಕದ ಒಕ್ಲಹೋಮಾದಲ್ಲಿ ಅದೇ ಹುಡುಗ ಅದೇ ತಪ್ಪು ಮಾಡಿದರೆ ಟಚ್‌ಡೌನ್ ಉಳಿಯುತ್ತದೆ, ದಂಡ ಆಮೇಲೆ. ನಿಮ್ಮ ಹೆಸರು ಹೇಳದ ಹುಡುಗನಿಗೆ ಇದನ್ನು ಯಾರಾದರೂ ತಿಳಿಸಿ.

ಚೀಫ್ಸ್ ಹುಚ್ಚ:
ಎದುರಾಳಿ ಒರಟುತನ ಮಾಡಿದರೆ? ಅದಕ್ಕೂ ಬೇಡ ಅಂತ ಬೀಸುತ್ತಾರಾ?

ಪಟ್ಟೆ ಶರ್ಟು:
ಇಲ್ಲ, ಅದನ್ನು ಬಿಟ್ಟುಕೊಡಬೇಕಾಗಿಲ್ಲ. ಟೆಕ್ಸಾಸ್‌ನಲ್ಲಿ ಟಚ್‌ಡೌನ್ ಆದಾಗ ಎದುರಾಳಿಯ 5, 10 ಗಜದ ತಪ್ಪುಗಳು ತಾವೇ ಬಿದ್ದುಹೋಗುತ್ತವೆ. 15 ಗಜದ ಪರ್ಸನಲ್ ಫೌಲ್ (ಒರಟುತನದ ತಪ್ಪು) ಮಾತ್ರ ಉಳಿಯುತ್ತದೆ. ಟಚ್‌ಡೌನೂ ನಿಮ್ಮದೇ, ದಂಡದ ಲಾಭವೂ ನಿಮ್ಮದೇ. ಪಾಯಿಂಟ್ ಆದಮೇಲಿನ ಒದೆತಕ್ಕೆ, ಅಂದರೆ ಕಿಕಾಫ್‌ಗೆ, ಇಟ್ಟುಕೊಂಡರೆ 15 ಗಜ ಮುಂದಿನಿಂದ ಒದೆಯಬಹುದು. ಅಥವಾ ಟಚ್‌ಡೌನ್ ನಂತರ ಹೆಚ್ಚುವರಿ ಪಾಯಿಂಟ್‌ಗೆ ಸಿಗುವ ಪ್ರಯತ್ನಕ್ಕೆ ಬಳಸಬಹುದು. ಆಗ ಗೋಲ್ ಲೈನ್‌ಗೆ ಇರುವ ದೂರ 3 ಗಜದಿಂದ ಅರ್ಧಕ್ಕೆ, ಅಂದರೆ ಒಂದೂವರೆ ಗಜಕ್ಕೆ ಬರುತ್ತದೆ. ಎರಡು ಪಾಯಿಂಟ್‌ಗೆ ನುಗ್ಗುವ ಮನಸ್ಸಿದ್ದರೆ ಇದೇ ಲಾಭ. ಅಂಥ ಹೊತ್ತಲ್ಲಿ ರೆಫರಿ ಕೋಚ್ ಕಡೆ ನೋಡುತ್ತಾ ನಿಂತಿರುತ್ತಾರೆ, ಸ್ಟ್ಯಾಂಡ್‌ನಲ್ಲಿರುವವರು ಸುಮ್ನೆ ಅವರನ್ನೇ ಬೈಯುತ್ತಿರುತ್ತಾರೆ.