ಅಡಿಕೆ ಕೊಳೆರೋಗದ ಫೈಟಾಫ್ತೊರಾ: ಕಾರ್ಬೆಂಡಾಜಿಮ್ ತಟ್ಟೆಯಲ್ಲಿ ಕಂಟ್ರೋಲಿಗಿಂತ ಜಾಸ್ತಿ ಬೆಳವಣಿಗೆ, ಬೋರ್ಡೋ ರೀಡಿಂಗ್ ತಾಳೆಯಾಗ್ತಿಲ್ಲ

ಅಗಾರ್_ತಟ್ಟೆ

ಎಲ್ಲರಿಗೂ ನಮಸ್ಕಾರ. ಕೊಳೆ ಬಿದ್ದ ಅಡಿಕೆಕಾಯಿಯಿಂದ ತೆಗೆದ ಫೈಟಾಫ್ತೊರಾ ಮೇಲೆ ಪಾಯ್ಸನ್ಡ್ ಫುಡ್ ವಿಧಾನದಲ್ಲಿ (ಮಾಧ್ಯಮಕ್ಕೇ ಔಷಧ ಬೆರೆಸಿ ಅದರ ಮೇಲೆ ಬೆಳೆಸುವುದು) ಔಷಧಗಳ ಪರೀಕ್ಷೆ. ಮಾಧ್ಯಮ ಪಿಡಿಎ (ಆಲೂಗಡ್ಡೆ, ಡೆಕ್ಸ್‌ಟ್ರೋಸ್, ಅಗಾರ್), 90 ಮಿ.ಮೀ. ತಟ್ಟೆಗೆ 20 ಮಿ.ಲೀ., ಕಲ್ಚರಿನ 5 ಮಿ.ಮೀ. ಡಿಸ್ಕ್, 25 ಡಿಗ್ರಿ, ಪ್ರತಿ ಔಷಧಕ್ಕೆ 4 ತಟ್ಟೆ. ಪುಡಿಗಳೆಲ್ಲ 500 ಪಿಪಿಎಂ, ಅಂದರೆ 100 ಮಿ.ಲೀ. ಮಾಧ್ಯಮಕ್ಕೆ 50 ಮಿ.ಗ್ರಾಂ. ಪುಡಿ. ಐದನೇ ದಿನದ ವ್ಯಾಸ ಹೀಗಿದೆ:

ಕಂಟ್ರೋಲ್ (ಔಷಧ ಹಾಕದ ತಟ್ಟೆ): 68 ಮಿ.ಮೀ.
ಕಾರ್ಬೆಂಡಾಜಿಮ್ 50 ಡಬ್ಲ್ಯುಪಿ (ನೀರಲ್ಲಿ ಬೆರೆಸುವ ಪುಡಿ, ಅದರಲ್ಲಿ ಔಷಧ ಶೇ. 50): 74 ಮಿ.ಮೀ. (!)
ಮೆಟಲಾಕ್ಸಿಲ್ 8 + ಮ್ಯಾಂಕೋಜೆಬ್ 64 ಡಬ್ಲ್ಯುಪಿ: ಮೂರು ತಟ್ಟೆಯಲ್ಲಿ ಡಿಸ್ಕ್ ಬಿಟ್ಟು ಏನೂ ಬೆಳೆದಿಲ್ಲ (5 ಮಿ.ಮೀ., ತಡೆದದ್ದು ಶೇ. 92.6 ಎಂದು ಬರೆದಿದ್ದೇನೆ), ಒಂದರಲ್ಲಿ 14
ಪೊಟ್ಯಾಸಿಯಂ ಫಾಸ್ಫೊನೇಟ್: 55 ಮಿ.ಮೀ.
ಬೋರ್ಡೋ (ಮೈಲುತುತ್ತ, ಸುಣ್ಣದ ಮಿಶ್ರಣ) ಶೇ. 1: 5, 12, 37, 44

ಬೋರ್ಡೋಗೆ 100 ಮಿ.ಲೀ. ಮಾಧ್ಯಮಕ್ಕೆ 50 ಮಿ.ಲೀ. ದ್ರಾವಣ ಬೆರೆಸಿದ್ದು. ಅಗಾರ್ ಸರಿಯಾಗಿ ಗಟ್ಟಿಯಾಗಲಿಲ್ಲ, ತಳದಲ್ಲಿ ನೀಲಿ ಗಷ್ಟು ಕಾಣ್ತಿದೆ. ತೋಟದಲ್ಲಿ ನೂರು ವರ್ಷದಿಂದ ಕೆಲಸ ಮಾಡುತ್ತಿರುವ ಔಷಧ ತಟ್ಟೆಯಲ್ಲಿ ಸೋಲೋದು ಹೇಗೆ? ಕಾರ್ಬೆಂಡಾಜಿಮ್ ಶಿಲೀಂಧ್ರಕ್ಕೆ ಗೊಬ್ಬರ ಆಯ್ತೇ? ಮೆಟಲಾಕ್ಸಿಲ್‌ಗೆ ನಿರೋಧಕತೆ ಬಂದಿದೆ ಅಂತ ಬರೆಯಬಹುದೇ? ಇನ್ನೊಂದು, ಕಂಟ್ರೋಲ್ ತಟ್ಟೆ ತಿರುಗಿಸಿ ನೋಡಿದರೆ ನಡುವೆ ತೆಳು ಗುಲಾಬಿ ಬಣ್ಣ. ಕಾರ್ಬೆಂಡಾಜಿಮ್ ತಟ್ಟೆ ಅಚ್ಚ ಬಿಳಿ. ಇದು ಮುಖ್ಯವೋ ಅಲ್ಲವೋ ಗೊತ್ತಾಗಲಿಲ್ಲ.

ಹೈಫೆ_ತುದಿ

ಆ ಕೊನೇ ಸಾಲೇ ಮುಖ್ಯ. ನಿಮ್ಮ ಕಲ್ಚರ್ ಶುದ್ಧವಿಲ್ಲ. ಗುಲಾಬಿ ಬಣ್ಣ ಫೈಟಾಫ್ತೊರಾದ್ದಲ್ಲ, ಬಹುಪಾಲು ಫ್ಯುಸೇರಿಯಂ ಎಂಬ ಇನ್ನೊಂದು ಶಿಲೀಂಧ್ರದ್ದು. ಕೊಳೆತ ಕಾಯಿಯಿಂದ ತೆಗೆಯುವಾಗ ಇವೆರಡು ಒಟ್ಟಿಗೇ ಬರೋದು ಮಾಮೂಲು: ಕೊಳೆ ಶುರು ಮಾಡುವುದು ಫೈಟಾಫ್ತೊರಾ, ಹಿಂದಿನಿಂದ ಬಂದು ಕೂರುವುದು ಫ್ಯುಸೇರಿಯಂ.

ಈಗ 74 ಹೇಗೆ ಬಂತು ನೋಡಿ. ಫೈಟಾಫ್ತೊರಾ ನಿಜವಾದ ಶಿಲೀಂಧ್ರವಲ್ಲ, ಊಮೈಸೀಟ್ ಎಂಬ ಬೇರೆಯೇ ಗುಂಪಿನ ಜೀವಿ. ಕೋಶಭಿತ್ತಿಯಲ್ಲಿ ಸೆಲ್ಯುಲೋಸ್ ಮತ್ತು ಗ್ಲೂಕನ್ ಇದೆ; ಶಿಲೀಂಧ್ರಗಳ ಕೋಶಪೊರೆಯಲ್ಲಿರುವ ಎರ್ಗೊಸ್ಟೆರಾಲನ್ನು ಅದು ತಯಾರಿಸುವುದೇ ಇಲ್ಲ. ಕಾರ್ಬೆಂಡಾಜಿಮ್ ಹಿಡಿಯಬೇಕಾದ ಟ್ಯುಬ್ಯುಲಿನ್ (ಕೋಶ ವಿಭಜನೆಗೆ ಬೇಕಾದ ಪ್ರೋಟೀನ್) ಅದರಲ್ಲಿ ಬೇರೆ ಥರ ಇರುವುದರಿಂದ ಔಷಧ ಅಂಟುವುದಿಲ್ಲ. ಆದರೆ ಫ್ಯುಸೇರಿಯಂಗೆ ಅಂಟುತ್ತದೆ. ಕಂಟ್ರೋಲ್ ತಟ್ಟೆಯಲ್ಲಿ ಇಬ್ಬರಿಗೂ ಜಾಗಕ್ಕೆ ಪೈಪೋಟಿ. ಕಾರ್ಬೆಂಡಾಜಿಮ್ ತಟ್ಟೆಯಲ್ಲಿ ಒಬ್ಬನ ಕೈ ಕಟ್ಟಿದ್ದೀರಿ, ಇನ್ನೊಬ್ಬ ಆರಾಮಾಗಿ ಹರಡಿದ್ದಾನೆ. ಫೈಟಾಫ್ತೊರಾ ಬೇರ್ಪಡಿಸುವ ಆಯ್ದ ಮಾಧ್ಯಮಗಳಿಗೆ (ಬೇಡದ ಜೀವಿಗಳನ್ನು ತಡೆದು ಬೇಕಾದ್ದನ್ನಷ್ಟೇ ಬೆಳೆಸುವಂಥವು) ಇದೇ ಗುಂಪಿನ ಬೆನೊಮಿಲ್ ಹಾಕುವ ರೂಢಿ ಇರುವುದೂ ಇದೇ ಕಾರಣಕ್ಕೆ. ಅಂದಮೇಲೆ ನಿಮ್ಮ ತಟ್ಟೆ ಸರಿಯಾದ ಉತ್ತರವನ್ನೇ ಕೊಟ್ಟಿದೆ, ಕೇಳಿದ ಪ್ರಶ್ನೆಗಲ್ಲ ಅಷ್ಟೆ.

ಮೆಟಲಾಕ್ಸಿಲ್ ತಟ್ಟೆಯ 14 ಮಿ.ಮೀ. ಕೂಡ ಇದೇ ಕಥೆ ಇರಬೇಕು. ಮೆಟಲಾಕ್ಸಿಲ್ ಊಮೈಸೀಟುಗಳಿಗೆ ಮಾತ್ರ ತಾಗುತ್ತದೆ, ಫ್ಯುಸೇರಿಯಂ ಅದನ್ನು ಲೆಕ್ಕಕ್ಕೇ ಇಡುವುದಿಲ್ಲ. ಮ್ಯಾಂಕೋಜೆಬ್ ತಡೆದಷ್ಟು ತಡೆದಿದೆ, ಒಂದು ತಟ್ಟೆಯಲ್ಲಿ ನುಸುಳಿದೆ. ದಯವಿಟ್ಟು ನಿರೋಧಕತೆ ಅಂತ ಒಂದಕ್ಷರವನ್ನೂ ಈಗ ಬರೆಯಬೇಡಿ.

ಮೊದಲು ಸೂಕ್ಷ್ಮದರ್ಶಕ. ಎರಡೂ ತಟ್ಟೆಯ ಹೊಸ ಅಂಚಿನಿಂದ ಚೂರು ತೆಗೆದು ಲ್ಯಾಕ್ಟೊಫಿನಾಲ್ ಕಾಟನ್ ಬ್ಲೂ ಬಣ್ಣದಲ್ಲಿ 400 ಪಟ್ಟು ದೊಡ್ಡದು ಮಾಡಿ ನೋಡಿ. ಫೈಟಾಫ್ತೊರಾ ಎಳೆಗೆ ಅಡ್ಡಗೋಡೆ ಇರುವುದಿಲ್ಲ, ದಪ್ಪ ಒಂದೇ ಸಮ ಇರುವುದಿಲ್ಲ, ಗಂಟುಗಂಟಾಗಿ ಹೋಗುತ್ತದೆ. ನಿಂಬೆಹಣ್ಣಿನ ಆಕಾರದ, ತುದಿಯಲ್ಲಿ ಮೊಲೆತೊಟ್ಟಿನಂಥ ಉಬ್ಬಿರುವ ಸ್ಪೊರಾಂಜಿಯಾ (ಬೀಜಾಣು ಚೀಲ) ಸಿಕ್ಕರೆ ಗ್ಯಾರಂಟಿ. ಫ್ಯುಸೇರಿಯಂ ಆದರೆ ಅಡ್ಡಗೋಡೆ ಸ್ಪಷ್ಟ, ಕುಡುಗೋಲಿನಂಥ ಬೀಜಾಣು. ಕಲ್ಚರಿನ ಹಳೆಯ ನಡುಭಾಗದಿಂದ ತೆಗೆಯಬೇಡಿ. ವಯಸ್ಸಾದರೆ ಫೈಟಾಫ್ತೊರಾ ಕೂಡ ಅಲ್ಲಲ್ಲಿ ಗೋಡೆ ಕಟ್ಟುತ್ತದೆ, ಮೋಸ ಹೋಗುತ್ತೀರಿ.

ಮೈಲುತುತ್ತ

ಬೋರ್ಡೋ ವಿಷಯ ನಾನು ಹೇಳ್ತೇನೆ. ಮಾರಾಯ್ರೇ, ನೀವು ಹಾಕಿದ್ದು ಶೇ. 1 ಅಲ್ಲವೇ ಅಲ್ಲ. 100 ಮಿ.ಲೀ.ಗೆ ಶೇ. 1ರ ದ್ರಾವಣ 50 ಮಿ.ಲೀ. ಸೇರಿದರೆ ಒಟ್ಟು 150, ಔಷಧ ಶೇ. 0.33. ಶೇ. 2 ಇದ್ದ ಅಗಾರ್ 1.3ಕ್ಕೆ ಇಳಿಯಿತು, ಅದಕ್ಕೇ ಗಟ್ಟಿಯಾಗಲಿಲ್ಲ. ಆಲೂಗಡ್ಡೆ, ಡೆಕ್ಸ್‌ಟ್ರೋಸ್ ಕೂಡ ಮೂರನೇ ಒಂದು ಭಾಗ ತೆಳುವಾಯಿತು, ಆದರೆ ಕಂಟ್ರೋಲಿಗೆ ನೀರು ಸೇರಿಸಿಲ್ಲ. ಹೋಲಿಕೆಯೇ ತಪ್ಪು.

5, 12, 37, 44 ಅಂತ ಏರುತ್ತಾ ಹೋಗಿದ್ದು ಯಾಕೆ ಅಂದರೆ, ಬೋರ್ಡೋ ಕರಗಿದ ದ್ರಾವಣವಲ್ಲ, ನೀರಲ್ಲಿ ತೇಲುವ ಸೂಕ್ಷ್ಮ ಗಷ್ಟು. ಫ್ಲಾಸ್ಕ್ ಸುಮ್ಮನೆ ಇಟ್ಟರೆ ತಳಕ್ಕೆ ಇಳಿಯುತ್ತದೆ. ಮೊದಲು ಸುರಿದ ತಟ್ಟೆಗೆ ತೆಳು, ಕಡೆಯ ತಟ್ಟೆಗೆ ಮಂದ. ಸುರಿದ ಕ್ರಮದಲ್ಲಿ ತಟ್ಟೆಗೆ ನಂಬರ್ ಹಾಕಿದ್ದರೆ 44 ಬಂದಿದ್ದು ಒಂದನೇ ತಟ್ಟೆಯಲ್ಲಿ, 5 ಬಂದಿದ್ದು ಕೊನೆಯದರಲ್ಲಿ ಅಂತ ಕಾಣುತ್ತದೆ, ನೋಡಿ.

ಮಾಡುವ ಕ್ರಮ: ಪಿಡಿಎಯನ್ನು ಎರಡು ಪಟ್ಟು ಮಂದ ಮಾಡಿ, ಅಂದರೆ ಲೀಟರಿಗೆ ಆಲೂಗಡ್ಡೆ 400 ಗ್ರಾಂ, ಡೆಕ್ಸ್‌ಟ್ರೋಸ್ 40, ಅಗಾರ್ 40. ಆಟೋಕ್ಲೇವ್‌ನಲ್ಲಿ ಉಕ್ಕುತ್ತದೆ, ಫ್ಲಾಸ್ಕ್ ಅರ್ಧಕ್ಕಿಂತ ಹೆಚ್ಚು ತುಂಬಬೇಡಿ. ಬೇರೆ ಕಡೆ 2 ಗ್ರಾಂ ಮೈಲುತುತ್ತವನ್ನು 50 ಮಿ.ಲೀ. ಸ್ಟೆರೈಲ್ ನೀರಲ್ಲಿ, 2 ಗ್ರಾಂ ಸುಟ್ಟಸುಣ್ಣವನ್ನು ಅರಳಿಸಿ ಇನ್ನೊಂದು 50ರಲ್ಲಿ ಕರಗಿಸಿ. ಎರಡೂ ತಣ್ಣಗಿರಬೇಕು. ಸುಣ್ಣವನ್ನು ಕಲಕುತ್ತಾ ಅದರೊಳಗೆ ಮೈಲುತುತ್ತದ ನೀರು ಸುರಿಯಿರಿ. ಇದು ಶೇ. 2. ಬಿಸಿ ಇರುವಾಗ ಬೆರೆಸಿದರೆ ಕಣ ದಪ್ಪವಾಗಿ ಬೇಗ ತಳಕ್ಕೆ ಕೂರುತ್ತದೆ. ಮಾಧ್ಯಮ 65 ಡಿಗ್ರಿ, ಬೋರ್ಡೋ ಕೋಣೆಯ ಉಷ್ಣಾಂಶದಲ್ಲಿ ಇರುವಾಗ ಸಮ ಪ್ರಮಾಣದಲ್ಲಿ ಸೇರಿಸಿದರೆ 45ರ ಆಸುಪಾಸಿಗೆ ಬರುತ್ತದೆ, ಸುರಿಯಲು ಸರಿಯಾದ ಹದ. ಪ್ರತಿ ತಟ್ಟೆಗೆ ಸುರಿಯುವ ಮುಂಚೆ ಫ್ಲಾಸ್ಕ್ ತಿರುಗಿಸುತ್ತಲೇ ಇರಿ. ಕಂಟ್ರೋಲಿಗೆ ಅಷ್ಟೇ ಸ್ಟೆರೈಲ್ ನೀರು.

ಸುಣ್ಣದ ಬಗ್ಗೆ ಎಚ್ಚರ. ಲ್ಯಾಬಿನಲ್ಲಿ ಎಷ್ಟೋ ವರ್ಷದಿಂದ ಮುಚ್ಚಳ ಸಡಿಲವಾಗಿ ಕೂತ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಬಾಟಲಿಯಲ್ಲಿ ಅರ್ಧ ಕಾರ್ಬೊನೇಟ್ ಆಗಿರುತ್ತದೆ. ಆಗ ತಾಮ್ರ ಪೂರ್ತಿ ತಟಸ್ಥವಾಗುವುದಿಲ್ಲ. ತೋಟದವರು ಮಾಡುವ ಚಾಕು ಪರೀಕ್ಷೆಯನ್ನೇ ಮಾಡಿ: ಉಜ್ಜಿ ಹೊಳಪು ಮಾಡಿದ ಕಬ್ಬಿಣದ ಚಾಕು ಒಂದು ನಿಮಿಷ ಅದ್ದಿ ತೆಗೆದಾಗ ಕೆಂಪು ಕಂದು ಲೇಪ ಕಂಡರೆ ಇನ್ನಷ್ಟು ಸುಣ್ಣದ ತಿಳಿ ಬೇಕು. ಸ್ಟೇನ್‌ಲೆಸ್ ಸ್ಟೀಲ್ ಚಾಕು ಆಗುವುದಿಲ್ಲ. ಪಿಎಚ್ ಪೇಪರಿನಲ್ಲಿ 7ರಿಂದ 8 ಬಂದರೆ ಸಾಕು.

ಅಗಾರ್_ತಟ್ಟೆ

ಇಬ್ಬರಿಗೂ ಥ್ಯಾಂಕ್ಸ್. ಸ್ಲೈಡ್ ನೋಡಿದೆ. ಕಂಟ್ರೋಲಿನಲ್ಲಿ ಎರಡೂ ಥರದ ಎಳೆ, ಕುಡುಗೋಲು ಬೀಜಾಣು ಬೇಕಾದಷ್ಟು. ಕಾರ್ಬೆಂಡಾಜಿಮ್ ತಟ್ಟೆಯ ಅಂಚಿನಲ್ಲಿ ಗೋಡೆ ಇಲ್ಲದ ಎಳೆ ಮಾತ್ರ. ಬೋರ್ಡೋದ 44 ನಿಜಕ್ಕೂ ಒಂದನೇ ತಟ್ಟೆ. ಹಾಗಾದರೆ ಕಾರ್ಬೆಂಡಾಜಿಮ್ ತಟ್ಟೆಯಿಂದಲೇ ಡಿಸ್ಕ್ ತೆಗೆದು ಮುಂದಿನ ಪರೀಕ್ಷೆಗೆ ಹಾಕಬಹುದಾ? ಫಾಸ್ಫೊನೇಟ್ ಯಾಕೆ ಸೋತಿತು?

ಹೈಫೆ_ತುದಿ

ನೇರ ಹಾಕಬೇಡಿ. ಡಿಸ್ಕಿನ ಜೊತೆ ಔಷಧವೂ ಬರುತ್ತದೆ, ಮತ್ತೆ ಕಾರ್ಬೆಂಡಾಜಿಮ್ ಫ್ಯುಸೇರಿಯಂ ಅನ್ನು ಕೊಂದಿದೆಯೋ ಬರೀ ತಡೆದಿದೆಯೋ ಗೊತ್ತಿಲ್ಲ. ಹೊರ ಅಂಚಿನ ಒಂದೇ ಎಳೆಯ ತುದಿ ಕತ್ತರಿಸಿ ಕ್ಯಾರೆಟ್ ಅಗಾರ್‌ಗೆ (ಲೀಟರಿಗೆ ಕ್ಯಾರೆಟ್ 200 ಗ್ರಾಂ, ಅಗಾರ್ 20, ಸಕ್ಕರೆ ಬೇಡ) ಹಾಕಿ. ಎರಡು ಮೂರು ಸಲ ಇದೇ ಥರ ದಾಟಿಸಿ. ಇನ್ನೂ ಅನುಮಾನ ಇದ್ದರೆ ಆಯ್ದ ಮಾಧ್ಯಮ: ಲೀಟರಿಗೆ ಪಿಮಾರಿಸಿನ್ 5 ಮಿ.ಗ್ರಾಂ., ಆಂಪಿಸಿಲಿನ್ 250, ರಿಫಾಂಪಿಸಿನ್ 10, ಪಿಸಿಎನ್‌ಬಿ 100. ಇವನ್ನು ಮಾಧ್ಯಮ ತಣಿದ ಮೇಲೆ ಹಾಕಿ, ತಟ್ಟೆಗಳನ್ನು ಕತ್ತಲಲ್ಲಿಡಿ. ಪಿಮಾರಿಸಿನ್ ಬೆಳಕಿಗೆ ಹಾಳಾಗುತ್ತದೆ. ಕೊನೆಗೆ ಔಷಧ ಇಲ್ಲದ ಮಾಧ್ಯಮದಲ್ಲಿ ಒಮ್ಮೆ ಬೆಳೆಸಿ, ಆ ಕಾಲೊನಿಯ ಅಂಚಿನಿಂದ ಡಿಸ್ಕ್ ತೆಗೆದು ಎಳೆಯ ಮುಖ ಕೆಳಗೆ ಮಾಡಿ ಇಡಿ.

ಫಾಸ್ಫೊನೇಟ್ ಸೋಲಲು ಕಾರಣ ಪಿಡಿಎ. ಫಾಸ್ಫೈಟ್ ಅಯಾನು ಫೈಟಾಫ್ತೊರಾ ಒಳಗೆ ಹೋಗುವುದು ಫಾಸ್ಫೇಟ್ ಹೋಗುವ ಬಾಗಿಲಿನಿಂದಲೇ. ಆಲೂಗಡ್ಡೆ ಸಾರದಲ್ಲಿ ಫಾಸ್ಫೇಟ್ ಯಥೇಚ್ಛ, ಹಾಗಾಗಿ ಔಷಧಕ್ಕೆ ಒಳಗೆ ಜಾಗ ಸಿಗುವುದಿಲ್ಲ. ಕಾರ್ನ್‌ಮೀಲ್ ಅಗಾರ್‌ನಂಥ ಫಾಸ್ಫೇಟ್ ಕಡಿಮೆ ಇರುವ ಮಾಧ್ಯಮದಲ್ಲಿ ಅದೇ ಪ್ರಮಾಣ ಬೇರೆಯೇ ಉತ್ತರ ಕೊಡುತ್ತದೆ. ಅದಲ್ಲದೆ ಇದರ ಅರ್ಧ ಕೆಲಸ ಗಿಡದ ರಕ್ಷಣಾ ವ್ಯವಸ್ಥೆಯನ್ನು ಎಬ್ಬಿಸುವುದು. ತಟ್ಟೆಯಲ್ಲಿ ಗಿಡವೇ ಇಲ್ಲವಲ್ಲ!

ಎಲ್‌ಎಸ್‌ಡಿ

ಲೆಕ್ಕದ ಎರಡು ತಪ್ಪು. ಒಂದು, 50 ಮಿ.ಗ್ರಾಂ. ಪುಡಿ ಅಂದರೆ 500 ಪಿಪಿಎಂ ಪುಡಿ, ಔಷಧವಲ್ಲ. ಕಾರ್ಬೆಂಡಾಜಿಮ್ 50 ಡಬ್ಲ್ಯುಪಿಯಲ್ಲಿ ಅದು 250 ಪಿಪಿಎಂ ಮಾತ್ರ. ಮೆಟಲಾಕ್ಸಿಲ್ ಮಿಶ್ರಣದಲ್ಲಿ ಮೆಟಲಾಕ್ಸಿಲ್ 40, ಮ್ಯಾಂಕೋಜೆಬ್ 320. ಸಕ್ರಿಯ ವಸ್ತುವಿನ ಲೆಕ್ಕದಲ್ಲಿ 500 ಬೇಕಿದ್ದರೆ 100 ಮಿ.ಲೀ.ಗೆ ಕಾರ್ಬೆಂಡಾಜಿಮ್ ಪುಡಿ 100 ಮಿ.ಗ್ರಾಂ. ತೂಗಬೇಕು. ಯಾವ ಲೆಕ್ಕ ಅಂತ ಕೋಷ್ಟಕದ ತಲೆಬರಹದಲ್ಲೇ ಬರೆಯಿರಿ.

ಎರಡು, ಡಿಸ್ಕ್ ಕಳೆದಿಲ್ಲ. ಬೆಳವಣಿಗೆಯೇ ಇಲ್ಲದ ತಟ್ಟೆಗೆ ಶೇ. 92.6 ಅಂದರೆ ಓದುವವರು ಶೇ. 7 ಬೆಳೆದಿದೆ ಅಂದುಕೊಳ್ಳುತ್ತಾರೆ. ಎರಡೂ ಕಡೆ 5 ಕಳೆಯಿರಿ: (63 − 0) ÷ 63 × 100, ಪೂರಾ 100. ಸೂತ್ರ ಅದೇ, ಕಂಟ್ರೋಲಿನಿಂದ ಚಿಕಿತ್ಸೆ ಕಳೆದು ಕಂಟ್ರೋಲಿನಿಂದ ಭಾಗಿಸಿ ನೂರರಿಂದ ಗುಣಿಸುವುದು. ರೀಡಿಂಗನ್ನು ಕಂಟ್ರೋಲ್ ಅಂಚು ಮುಟ್ಟುವ ಮೊದಲೇ ತೆಗೆಯಿರಿ. ಕಂಟ್ರೋಲ್ 90ಕ್ಕೆ ನಿಂತ ಮೇಲೂ ಚಿಕಿತ್ಸೆಯ ತಟ್ಟೆ ಬೆಳೆಯುತ್ತಲೇ ಇರುತ್ತದೆ, ಔಷಧ ದಿನದಿನಕ್ಕೆ ದುರ್ಬಲವಾದಂತೆ ಕಾಣುತ್ತದೆ.

ಅನೋವಾ (ಔಷಧಗಳ ನಡುವಿನ ವ್ಯತ್ಯಾಸ ನಿಜವೋ ಆಕಸ್ಮಿಕವೋ ನೋಡುವ ಸಂಖ್ಯಾಶಾಸ್ತ್ರದ ಲೆಕ್ಕ) ಮಾಡುವ ಮುಂಚೆ ಶೇಕಡಾ ಅಂಕಿಗಳಿಗೆ, ಆ ಲೆಕ್ಕಕ್ಕೆ ಹೊಂದುವಂತೆ, ಆರ್ಕ್‌ಸೈನ್ ಪರಿವರ್ತನೆ. ನಾಲ್ಕೂ ತಟ್ಟೆ 100 ಬಂದ ಔಷಧವನ್ನು ವಿಶ್ಲೇಷಣೆಯಿಂದ ಹೊರಗಿಟ್ಟು ಕೋಷ್ಟಕದಲ್ಲಿ ಮಾತ್ರ ತೋರಿಸುವುದು ನನ್ನ ಅಭಿಪ್ರಾಯದಲ್ಲಿ ಒಳ್ಳೆಯದು. ಅದರೊಳಗೆ ವ್ಯತ್ಯಾಸವೇ ಇಲ್ಲದ್ದರಿಂದ ಒಟ್ಟು ಎರರ್ ಸುಮ್ಮನೆ ಕುಗ್ಗುತ್ತದೆ. ಇದಕ್ಕೆ ಒಪ್ಪದ ಗೈಡ್‌ಗಳೂ ಇದ್ದಾರೆ.

ಅಗಾರ್_ತಟ್ಟೆ

ಎಲ್ಲ ತಿದ್ದಿಕೊಳ್ತೇನೆ. ಕಡೆಯ ಪ್ರಶ್ನೆ: ಬೋರ್ಡೋ ಸರಿಯಾಗಿ ಬೆರೆಸಿ ಶೇ. 0.1, 0.25ರಲ್ಲಿ ಇಟ್ಟರೂ ತಟ್ಟೆಯಲ್ಲಿ ಸಾಧಾರಣ ಅಂತಲೇ ಬಂದರೆ ಏನು ಬರೆಯಲಿ?

ಮೈಲುತುತ್ತ

ತಟ್ಟೆಯಲ್ಲಿ ನೀವು ಅಳೆಯೋದು ಎಳೆಯ ಬೆಳವಣಿಗೆ. ತೋಟದಲ್ಲಿ ಬೋರ್ಡೋ ಎಳೆಯನ್ನು ಹುಡುಕಿಕೊಂಡು ಹೋಗುವುದಿಲ್ಲ. ಕಾಯಿಯ ಮೇಲೆ ಲೇಪವಾಗಿ ಕೂತು, ಮಳೆನೀರಿನಲ್ಲಿ ಈಜಿ ಬರುವ ಝೂಸ್ಪೋರುಗಳನ್ನು (ಬಾಲವಿರುವ ಬೀಜಾಣು) ಮುಗಿಸುತ್ತದೆ. ಅವುಗಳಿಗೆ ಭಿತ್ತಿಯೇ ಇಲ್ಲ, ತೀರಾ ಕಡಿಮೆ ತಾಮ್ರಕ್ಕೇ ಸಾಯುತ್ತವೆ. ಪಿಡಿಎಯಲ್ಲಿರುವ ಸಾವಯವ ವಸ್ತುಗಳು ತಾಮ್ರವನ್ನು ಕಟ್ಟಿಹಾಕುತ್ತವೆ ಬೇರೆ. ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್ಮನ್ ಅವರು 1910ರಲ್ಲಿ ಕೊಳೆರೋಗದ ಫೈಟಾಫ್ತೊರಾವನ್ನು ವಿವರಿಸಿದ ಕಾಲದಿಂದಲೂ ಮಳೆ ಹಿಡಿಯುವ ಮುಂಚೆಯೇ ಗೊನೆಗೆ ಹೊಡೆಯಿರಿ ಅನ್ನುವ ಮಾತಿನ ಹಿಂದಿರುವುದು ಇದೇ ತರ್ಕ. ಆದ್ದರಿಂದ ಝೂಸ್ಪೋರ್ ಪರೀಕ್ಷೆ ಸೇರಿಸಿ.

ಕ್ಯಾರೆಟ್ ಅಗಾರಿನ 5 ದಿನದ ಕಲ್ಚರಿನಿಂದ ಡಿಸ್ಕ್ ಕತ್ತರಿಸಿ, ಸ್ಟೆರೈಲ್ ನೀರಿನ ತಟ್ಟೆಯಲ್ಲಿ ಮುಳುಗದಷ್ಟು ನೀರು ಬಿಟ್ಟು ಬೆಳಕಿನಡಿ ಎರಡು ಮೂರು ದಿನ ಇಡಿ. ಸ್ಪೊರಾಂಜಿಯಾ ತುಂಬಿದ ಮೇಲೆ ಫ್ರಿಜ್‌ನಲ್ಲಿ ಅರ್ಧ ಗಂಟೆ, ಆಮೇಲೆ ಹೊರಗೆ ಅರ್ಧ ಗಂಟೆ. ಝೂಸ್ಪೋರ್ ಹೊರಬಿದ್ದು ಈಜುವುದು ಕಾಣುತ್ತದೆ. ಕುಲುಕಬೇಡಿ, ಕುಲುಕಿದರೆ ಬಾಲ ಕಳಚಿ ಗುಂಡಗೆ ಕೂರುತ್ತವೆ. ಎಣಿಸಿ ಮಿ.ಲೀ.ಗೆ ಸುಮಾರು 10,000 ಆಗುವಂತೆ ಮಾಡಿ, ಕ್ಯಾವಿಟಿ ಸ್ಲೈಡಿನಲ್ಲಿ ಒಂದು ಹನಿ ಝೂಸ್ಪೋರ್, ಎರಡು ಪಟ್ಟು ಮಂದದ ಔಷಧ ಒಂದು ಹನಿ. ಕಂಟ್ರೋಲಿನಲ್ಲೇ ಝೂಸ್ಪೋರ್ ಸತ್ತು ಬಿದ್ದಿದ್ದರೆ ನಿಮ್ಮ ಡಿಸ್ಟಿಲ್ಡ್ ವಾಟರ್ ಯಾವುದರಲ್ಲಿ ತಯಾರಾಗುತ್ತದೆ ವಿಚಾರಿಸಿ. ಲೋಹದ ಸ್ಟಿಲ್ ಆದರೆ ಅದರಲ್ಲಿ ಕರಗಿದ ತಾಮ್ರವೇ ಸಾಕು ಅವುಗಳನ್ನು ಕೊಲ್ಲಲು. ಗಾಜಿನ ಸ್ಟಿಲ್‌ನ ನೀರು ಬಳಸಿ.

ಹೈಫೆ_ತುದಿ

ಇದರ ಜೊತೆ ಕಿತ್ತ ಕಾಯಿ ಪರೀಕ್ಷೆಯೂ ಇರಲಿ. ಬೋರ್ಡೋ ಹೊಡೆಯದ ಮರದ ಎಳೆಗಾಯಿ, ತೊಟ್ಟು ಸಮೇತ. ಶೇ. 1 ಸೋಡಿಯಂ ಹೈಪೊಕ್ಲೋರೈಟ್‌ನಲ್ಲಿ ಒಂದು ನಿಮಿಷ, ಮೂರು ಸಲ ನೀರಲ್ಲಿ ತೊಳೆದು, ಔಷಧದಲ್ಲಿ ಅದ್ದಿ ನೆರಳಲ್ಲಿ ಒಣಗಿಸಿ. ಮರುದಿನ ತೊಟ್ಟಿನ ಹತ್ತಿರ ಝೂಸ್ಪೋರ್ ಹನಿ ಇಟ್ಟು, ಒದ್ದೆ ಟಿಶ್ಯೂ ಹಾಸಿದ ಮುಚ್ಚಿದ ಡಬ್ಬಿಯಲ್ಲಿ 25 ಡಿಗ್ರಿಗೆ ಇಡಿ. ನೀರು ಹೀರಿದಂಥ ಕಡುಹಸಿರು ಕಲೆಯನ್ನು ದಿನವೂ ಅಳೆಯಿರಿ. ಫಾಸ್ಫೊನೇಟಿಗೆ ಮಾತ್ರ ಕಿತ್ತ ಕಾಯಿ ಅದ್ದಬೇಡಿ. ಮರದ ಮೇಲಿರುವಾಗಲೇ ಗೊನೆಗೆ ಹೊಡೆದು, ವಾರ ಬಿಟ್ಟು ಕಿತ್ತು ತನ್ನಿ.