ಉಪ ಗವರ್ನರ್ ಊರಿನವರೇ, ಆದರೆ ಯಾರ ಕಡೆಯವರು?

ಕಡಲಹಕ್ಕಿ: ಬ್ರಿಟನ್ನಿನ ಅಧೀನದಲ್ಲಿದ್ದೂ ತನ್ನ ಆಡಳಿತ ತಾನೇ ನಡೆಸುವ ಕೇಮನ್ ದ್ವೀಪಗಳನ್ನು ನೋಡಿ. ಗವರ್ನರ್ ಲಂಡನ್ನಿನಿಂದ ಬರುತ್ತಾರೆ, ಪ್ರೀಮಿಯರ್, ಅಂದರೆ ಅಲ್ಲಿಯ ಸರ್ಕಾರದ ಮುಖ್ಯಸ್ಥರು, ಜನರಿಂದ ಆಯ್ಕೆಯಾದವರು. ನಡುವೆ ಉಪ ಗವರ್ನರ್. ಮತ ಕೇಳಿ ಬಾರದ ಈ ಒಬ್ಬರಿಗೆ ಇಡೀ ನೌಕರವರ್ಗದ ಯಜಮಾನಿಕೆ ಏಕೆ?

ಮಲ್ಲಿಗೆದಂಡೆ: ದೆಹಲಿಯ ಲೆಫ್ಟಿನೆಂಟ್ ಗವರ್ನರ್ ಇದ್ದಂತೆಯೇ?

ಹಳೆಯ ಗುಮಾಸ್ತ: ಅಲ್ಲವೇ ಅಲ್ಲ. ಹೆಸರು ನೋಡಿ ಮೋಸಹೋಗಬೇಡಿ. ದೆಹಲಿಯವರಿಗೆ ಮೇಲೆ ಇನ್ನೊಬ್ಬ ಗವರ್ನರ್ ಇಲ್ಲ. ಕೇಮನ್‌ನ ಈ ಹುದ್ದೆಗೆ 2009ರ ಸಂವಿಧಾನ ಬರುವವರೆಗೆ ಮುಖ್ಯ ಕಾರ್ಯದರ್ಶಿ ಎಂದೇ ಹೆಸರಿತ್ತು. ಅದು ನಮಗೆ ಹೆಚ್ಚು ಅರ್ಥವಾಗುವ ಮಾತು. ಈಗ ಅದು ಆ ನೆಲದವರಿಗೇ ಸಲ್ಲಬೇಕೆಂಬ ನಿಯಮವಿದೆ. 2012ರಲ್ಲಿ ಬಂದ ಫ್ರಾನ್ಜ್ ಮ್ಯಾಂಡರ್ಸನ್ ಅದಕ್ಕೂ ಮುಂಚೆ ಅಲ್ಲಿಯ ವಲಸೆ ಇಲಾಖೆಯ ಮುಖ್ಯಸ್ಥರಾಗಿದ್ದರು. ಇನ್ನು ಯಜಮಾನಿಕೆಯ ಪ್ರಶ್ನೆ: ಮಂತ್ರಿ ಬದಲಾದೊಡನೆ ಅಧಿಕಾರಿಗಳು ಪೆಟ್ಟಿಗೆ ಕಟ್ಟುವುದನ್ನು ಸೇವೆಯುದ್ದಕ್ಕೂ ಕಂಡವನು ನಾನು. ನೇಮಕ, ಶಿಸ್ತುಕ್ರಮ ರಾಜಕಾರಣಿಯ ಕೈಯಿಂದ ದೂರವಿರುವುದು ನನಗಂತೂ ಹಿತವೆನಿಸುತ್ತದೆ.

ಕಡಲಹಕ್ಕಿ: ದೂರವಿರಲಿ, ಆದರೆ ಯಾರ ಹತ್ತಿರ? ಅವರು ಗವರ್ನರ್‌ಗೆ ಉತ್ತರ ಕೊಡಬೇಕು, ಗವರ್ನರ್ ಲಂಡನ್ನಿಗೆ. 2020ರ ಜುಲೈಯಲ್ಲಿ ಸಲಿಂಗ ಜೋಡಿಗಳಿಗೂ ಕಾನೂನಿನ ರಕ್ಷಣೆ ಕೊಡುವ ಮಸೂದೆ ಅಲ್ಲಿಯ ಶಾಸನಸಭೆಯಲ್ಲಿ 9–8 ಮತಗಳಿಂದ ಬಿದ್ದುಹೋಯಿತು. ಸೆಪ್ಟೆಂಬರಿನಲ್ಲಿ ಗವರ್ನರ್ ಮಾರ್ಟಿನ್ ರೋಪರ್ ತಮ್ಮ ವಿಶೇಷಾಧಿಕಾರದಿಂದ ಅದೇ ಬಗೆಯ ಕಾನೂನನ್ನು ಜಾರಿಗೆ ತಂದರು. ಇದಕ್ಕೆ ಸ್ವಯಮಾಡಳಿತ ಎನ್ನುವುದೇ?

ಶರಾವತಿ: ಅರ್ಧ ಕಥೆ ಹೇಳಿದಿರಿ. ಆ ಜೋಡಿಗಳಿಗೆ ಬೇಗ ರಕ್ಷಣೆ ಕೊಡಿ ಎಂದು ಹಿಂದಿನ ವರ್ಷವೇ ಅಲ್ಲಿಯ ಮೇಲ್ಮನವಿ ನ್ಯಾಯಾಲಯ ಹೇಳಿತ್ತು. ಸಭೆಯೇ ಕೈಚೆಲ್ಲಿತು. ನಿಮಗೆ ಸಿಟ್ಟಿದ್ದರೆ ಬ್ರಿಟನ್ನಿನ ಅಧೀನದ ಇನ್ನೊಂದು ದ್ವೀಪನಾಡಾದ ಬರ್ಮುಡಾದ ಕಡೆ ತಿರುಗಿಸಿ. ಅಲ್ಲಿ ಉಪ ಗವರ್ನರನ್ನೂ ಬ್ರಿಟನ್ನೇ ಕಳುಹಿಸುತ್ತದೆ.

ಮಲ್ಲಿಗೆದಂಡೆ: ಹಾಗಾದರೆ ಗವರ್ನರ್ ರಜೆಯಲ್ಲಿದ್ದಾಗ ಕೇಮನ್ ಊರಿನವರ ಕೈಗೇ ಬರುತ್ತದೆ ಎನ್ನಿ.

ಹಳೆಯ ಗುಮಾಸ್ತ: ಹೌದು, ಆಗ ಹಂಗಾಮಿ ಗವರ್ನರ್ ಅವರೇ. ಕಡಲಹಕ್ಕಿಯವರೇ, ನಿಮ್ಮ 9–8 ನೆನಪಿಸಿದ ಒಂದು ಮಾತು: ಉಪ ಗವರ್ನರ್ ಪದನಿಮಿತ್ತ ಸದಸ್ಯರಾಗಿ ಮಂತ್ರಿಮಂಡಲದಲ್ಲೂ ಸಭೆಯಲ್ಲೂ ಕುಳಿತುಕೊಳ್ಳುತ್ತಾರೆ, ಮಾತನಾಡುತ್ತಾರೆ. ಮತದ ಹಕ್ಕು ಮಾತ್ರ ಇಲ್ಲ. ಒಂದೇ ಮತದಿಂದ ಬಿದ್ದ ಆ ಮಸೂದೆಯ ದಿನವೂ ಇರಲಿಲ್ಲ.